ಮೂವತ್ತು ಪಂದ್ಯಗಳೂ ಒಂದು ಸಂಜೆಯೂ

ರಗ್ಬಿ ನಮ್ಮ ಕಡೆಯ ಆಟವಲ್ಲ. ನಮ್ಮ ಕಾಲೇಜಿನ ಮೈದಾನದಲ್ಲಿ ಅದನ್ನು ಆಡಿದವರನ್ನು ನಾನು ಕಂಡಿಲ್ಲ; ನಾನೂ ಆಡಿದವನಲ್ಲ. ಹೀಗಿದ್ದೂ ಫ್ರಾನ್ಸ್ ದೇಶದ ಎರಡನೆಯ ದರ್ಜೆಯ ರಗ್ಬಿ ಲೀಗಿನ ಒಂದು ಇಡೀ ಋತುವನ್ನು ಮೊದಲಿನಿಂದ ಕೊನೆಯವರೆಗೆ ಅನುಸರಿಸಿದೆನೆಂದರೆ ವಾಚಕರು ನಕ್ಕಾರು. ನಗಲಿ. ಕ್ರಿಕೆಟ್ಟಿನ ಫಲಿತಾಂಶವನ್ನು ಮೊಬೈಲಿನಲ್ಲಿ ಹುಡುಕುವಾಗ ಕಣ್ಣಿಗೆ ಬಿದ್ದ ಒಂದು ಅಂಕಪಟ್ಟಿ ನನ್ನನ್ನು ಹಿಡಿದು ಕೂಡಿಸಿತು. ಹದಿನಾರು ಊರುಗಳ ಹೆಸರು. ಅವುಗಳ ಮುಂದೆ ಸಾಲುಸಾಲಾಗಿ ಅಂಕಿಗಳು. 2024ರ ಆಗಸ್ಟ್ ತಿಂಗಳಿನಿಂದ 2025ರ ಜೂನ್‌ವರೆಗೆ, ಶನಿವಾರ ಬೆಳಿಗ್ಗೆ ಆ ಪಟ್ಟಿಯನ್ನು ನೋಡದೆ ನಾನು ಹಾಸ್ಟೆಲಿನಿಂದ ಹೊರಟದ್ದು ಕಡಮೆ.

ಆಟದ ಪರಿಚಯ ಎರಡು ಮಾತಿನಲ್ಲಾಗಲಿ. ಪಕ್ಷಕ್ಕೆ 15 ಜನ, ಆಟದ ಅವಧಿ 80 ನಿಮಿಷ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ 'ಟ್ರೈ', ಅದಕ್ಕೆ 5 ಅಂಕ. ಅದರ ಬೆನ್ನಿಗೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಮತ್ತೆ 2. ಎದುರಾಳಿಯ ತಪ್ಪಿಗೆ ದಂಡವಾಗಿ ಸಿಕ್ಕಿದ ಒದೆತಕ್ಕೆ 3. ಓಡುವುದು ಮುಂದಕ್ಕೆ, ಆದರೆ ಕೈಯಿಂದ ಚೆಂಡನ್ನು ಮುಂದಿರುವವನಿಗೆ ಎಸೆಯುವಂತಿಲ್ಲ. ಅಕ್ಕಪಕ್ಕದವನಿಗೆ ಅಥವಾ ಹಿಂದಿನವನಿಗೆ ಕೊಡಬೇಕು. ಹಿಂದೆ ಬರುವವನನ್ನು ಮರೆತವನು ಮುಂದೆ ಹೋಗಲಾರನೆಂಬ ಈ ನಿಯಮ ನನಗೆ ಮೊದಲ ದಿನವೇ ಹಿಡಿಸಿತು.

ಈ ಎರಡನೆಯ ದರ್ಜೆಗೆ 'ಪ್ರೊ ಡಿ-2' ಎಂದು ಹೆಸರು. ಅದರ ಮೇಲಿರುವುದು 14 ಕ್ಲಬ್ಬುಗಳ 'ಟಾಪ್ 14', ಕೆಳಗಿರುವುದು 'ನ್ಯಾಷನಲ್'. ಪ್ರೊ ಡಿ-2ರಲ್ಲಿ ಪ್ರತಿಯೊಂದು ತಂಡವೂ ಉಳಿದ 15 ತಂಡಗಳೊಡನೆ ಎರಡೆರಡು ಸಲ, ಅಂದರೆ ಒಟ್ಟು 30 ಪಂದ್ಯಗಳನ್ನಾಡಬೇಕು. ಗೆದ್ದರೆ 4 ಅಂಕ, ಸಮವಾದರೆ 2. ಇಷ್ಟೇ ಆಗಿದ್ದರೆ ವಿಶೇಷವೇನೂ ಇಲ್ಲ. ಆದರೆ ಐದು ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತ ತಂಡಕ್ಕೂ ಅಲ್ಲಿ 1 ಅಂಕ ಕೊಡುತ್ತಾರೆ. ಸೋಲಿನಲ್ಲೂ ತರತಮವುಂಟು, ಕೊನೆಯ ಕ್ಷಣದವರೆಗೆ ಹೋರಾಡಿ ಸೋತವನು ಬರಿಗೈಯಲ್ಲಿ ಮನೆಗೆ ಹೋಗಬಾರದು ಎಂಬುದು ಇದರ ಭಾವ. ಲೋಕದಲ್ಲಿ ಇಂಥ ಲೆಕ್ಕ ಬೇರೆಲ್ಲಿಯೂ ಇಲ್ಲವಲ್ಲಾ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

30 ಪಂದ್ಯಗಳ ಬಳಿಕ ಮೊದಲ ಆರು ತಂಡಗಳು ಉಳಿಯುತ್ತವೆ. ಮೊದಲೆರಡು ತಂಡಗಳಿಗೆ ಸೆಮಿಫೈನಲ್ಲಿಗೆ ನೇರ ಪ್ರವೇಶ, ಅದೂ ತಮ್ಮ ಊರಿನಲ್ಲೇ. ಮಿಕ್ಕ ನಾಲ್ಕು ತಂಡಗಳು ಅದಕ್ಕೂ ಮೊದಲು ಒಂದೊಂದು ಪಂದ್ಯವನ್ನು ಗೆಲ್ಲಬೇಕು. ಫೈನಲ್ ಗೆದ್ದವರು ಟಾಪ್ 14ಕ್ಕೆ ಏರುತ್ತಾರೆ. ಸೋತವರಿಗೂ ಇನ್ನೊಂದು ಬಾಗಿಲು ಉಂಟು: ಟಾಪ್ 14ರ ಹದಿಮೂರನೆಯ ತಂಡದೊಡನೆ ಒಂದು ಪಂದ್ಯ. ಅದನ್ನು ಗೆದ್ದರೆ ಅವರೂ ಮೇಲಕ್ಕೆ.

ಆ ಋತುವಿನ 30 ಪಂದ್ಯಗಳು ಮುಗಿದಾಗ ಪಟ್ಟಿಯ ತುದಿಯಲ್ಲಿದ್ದುದು ಗ್ರೆನೋಬ್ಲ್. ಆಲ್ಪ್ಸ್ ಪರ್ವತಗಳ ಮಡಿಲಿನ, ಒಂದೂವರೆ ಲಕ್ಷಕ್ಕೂ ಮಿಕ್ಕಿ ಜನರಿರುವ ಊರು. 1968ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು. 1954ರಲ್ಲಿ ಇಡೀ ಫ್ರಾನ್ಸಿಗೇ ರಗ್ಬಿ ಚಾಂಪಿಯನ್ನಾದ ಊರು. ಆರನೆಯ ಸ್ಥಾನದಲ್ಲಿದ್ದುದು ಮೊಂತೊಬಾನ್. ತಾರ್ನ್ ನದಿಯ ದಡದ, ಸುಮಾರು 60 ಸಾವಿರ ಜನರ, ನಸುಗೆಂಪು ಇಟ್ಟಿಗೆಯ ಪಟ್ಟಣ. ಅದೂ 1967ರಲ್ಲಿ ಚಾಂಪಿಯನ್ ಆಗಿತ್ತು. ಆದರೆ 2010ರಲ್ಲಿ ಕ್ಲಬ್ಬಿನ ಹಣಕಾಸು ಕುಸಿದು, ಟಾಪ್ 14ರಿಂದ ಒಮ್ಮೆಗೇ ಎರಡು ಮೆಟ್ಟಿಲು ಕೆಳಗಿನ ಹವ್ಯಾಸಿಗಳ ದರ್ಜೆಗೆ ಬಿತ್ತು. 2014ರಲ್ಲಿ ಪ್ರೊ ಡಿ-2ಕ್ಕೆ ಮರಳಿತು. 2024ರಲ್ಲಿ ಹದಿನೈದನೆಯದಾಗಿ, ಕೆಳಗಿನ ದರ್ಜೆಯ ನಾರ್ಬೋನ್ ತಂಡವನ್ನು ಒಂದು ಪಂದ್ಯದಲ್ಲಿ ಸೋಲಿಸಿ ಹೇಗೋ ತನ್ನ ಜಾಗವನ್ನು ಉಳಿಸಿಕೊಂಡಿತು. ಇಂಥ ತಂಡ ಮರುವರ್ಷ ಎರಡು ಪಂದ್ಯಗಳನ್ನು ಪರರ ಊರಿನಲ್ಲೇ ಗೆದ್ದು ಫೈನಲ್ಲಿಗೆ ಬಂದು ನಿಂತಿತು.

2025ರ ಜೂನ್ 7ರಂದು ಟೂಲೂಸ್ ನಗರದಲ್ಲಿ ಫೈನಲ್. ಮೊಂತೊಬಾನ್ 24, ಗ್ರೆನೋಬ್ಲ್ 19.

ಅಂತರ ಎಷ್ಟೆಂಬುದನ್ನು ವಾಚಕರು ಗಮನಿಸಬೇಕು. ಐದು. ಆ 30 ಪಂದ್ಯಗಳಲ್ಲಿ ಯಾವುದರಲ್ಲಾದರೂ ಹೀಗೆ ಸೋತಿದ್ದರೆ ಗ್ರೆನೋಬ್ಲಿಗೆ 1 ಅಂಕ ಸಿಗುತ್ತಿತ್ತು. ಫೈನಲ್ಲಿನಲ್ಲಿ ಆ ಲೆಕ್ಕವಿಲ್ಲ. ಒಂದು ವಾರದ ಮೇಲೆ ತನ್ನದೇ ಅಂಗಳದಲ್ಲಿ, ಟಾಪ್ 14ರ ಪರ್ಪಿನ್ಯಾನ್ ತಂಡದೊಡನೆ, ಎರಡನೆಯ ಬಾಗಿಲನ್ನು ತಟ್ಟಿತು. ಅಲ್ಲಿಯೂ 13–11ರಿಂದ ಸೋತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇದು ಮೊದಲ ಸಲವೂ ಅಲ್ಲ. 2023ರಲ್ಲಿ ಫೈನಲ್ ಸೋತು, ಬಳಿಕ ಇದೇ ಪರ್ಪಿನ್ಯಾನಿಗೆ ಸೋತಿತ್ತು. 2024ರಲ್ಲಿ ಫೈನಲ್ ಸೋತು, ಬಳಿಕ ಮೊಂಪೆಲ್ಯೆ ತಂಡಕ್ಕೆ 20–18ರಿಂದ ಸೋತಿತ್ತು. ಮೂರು ವರ್ಷ, ಆರು ಸಂಜೆ, ಆರು ಸೋಲು.

ಆ ಶನಿವಾರಗಳಲ್ಲಿ ಪಟ್ಟಿಯನ್ನು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದವರು ಇನ್ನೊಬ್ಬರಿದ್ದರು. ನನ್ನ ಕೊಠಡಿಯಲ್ಲಿದ್ದ ಹಿರಿಯ ವಿದ್ಯಾರ್ಥಿ. ಆರು ಸೆಮಿಸ್ಟರುಗಳಲ್ಲಿಯೂ ತರಗತಿಗೆ ಅವರೇ ಮೊದಲಿಗರು. ಡಿಗ್ರಿ ಮುಗಿದ ಬಳಿಕ ಒಂದು ಸ್ಪರ್ಧಾತ್ಮಕ ಪರೀಕ್ಷೆಯ ದಿನ ಜ್ವರದಲ್ಲಿ ಹೋಗಿ ಕುಳಿತರು. ಆಯ್ಕೆಯ ಪಟ್ಟಿ ಬಂದಾಗ ಅವರ ಹೆಸರಿಗೆ ಸ್ವಲ್ಪ ಮೇಲೆಯೇ ಗೆರೆ ಎಳೆದಾಗಿತ್ತು. ಗ್ರೆನೋಬ್ಲಿನ ಸುದ್ದಿಯನ್ನು ನಾನು ಓದಿ ಹೇಳಿದಾಗ ಅವರು, "ಹಾಗಾದರೆ ಆ ಮೂವತ್ತು ಪಂದ್ಯ ಯಾರಿಗೋಸ್ಕರ ಆಡಿದ್ದು?" ಎಂದಷ್ಟೇ ಕೇಳಿದರು. ನಾನು ಉತ್ತರ ಹೇಳಲಿಲ್ಲ.

ಏಕೆಂದರೆ ನನ್ನ ಪಕ್ಷ ಬೇರೆ. ನಮ್ಮ ಮನೆಯಲ್ಲಿ ಡಿಗ್ರಿಯ ತನಕ ಬಂದವನು ನಾನೇ ಮೊದಲು. ಪಾಠ ಹೇಳಿಕೊಡುವವರು ಮನೆಯಲ್ಲಿರಲಿಲ್ಲ; ಮೊದಲ ವರ್ಷವೆಲ್ಲ ಇಂಗ್ಲಿಷ್ ಪುಸ್ತಕದ ಪುಟ ತಿರುವುವುದರಲ್ಲೇ ಕಳೆಯಿತು. ನನ್ನ ಸ್ಥಾನ ಆರಕ್ಕೇರದೆ ಮೂರಕ್ಕಿಳಿಯದೆ ಎಂಬಂತೆ ನಡುವಿನಲ್ಲೇ ನಿಂತಿದೆ. ಇಡೀ ವರ್ಷದ ಪಟ್ಟಿಯೇ ಕೊನೆಯ ಮಾತಾಗಿದ್ದರೆ, ತಡವಾಗಿ ಓಟ ಆರಂಭಿಸಿದ ನನ್ನಂಥವರು ಮೊದಲ ಹತ್ತು ಪಂದ್ಯಗಳಲ್ಲೇ ಮುಗಿದುಹೋಗುತ್ತಿದ್ದೆವು. ಆರನೆಯವನಿಗೂ ಒಂದು ಸಂಜೆಯನ್ನು ಕೊಡುವ ನಿಯಮ ನಮ್ಮಂಥವರಿಗೆ ಅನ್ಯಾಯವಲ್ಲ, ಅನ್ನ. ಮೊಂತೊಬಾನ್ ಗೆದ್ದ ಸುದ್ದಿ ಓದಿದಾಗ ನನಗೆ ಒಳಗೊಳಗೇ ಹಿಗ್ಗಾಯಿತು. ಅದೇ ಹೊತ್ತಿಗೆ ಪಕ್ಕದ ಮಂಚದಲ್ಲಿ ಕುಳಿತಿದ್ದವರ ಮುಖವನ್ನು ನೋಡುವುದು ಕಷ್ಟವಾಯಿತು. ಈ ಎರಡೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಈಗ ನಾನು ಅಂತಿಮ ವರ್ಷದಲ್ಲಿದ್ದೇನೆ. ಮುಂದಿನ ಪರೀಕ್ಷೆಗೆ ಅವರೂ ಅರ್ಜಿ ಹಾಕಿದ್ದಾರೆ, ನಾನೂ ಹಾಕಲಿದ್ದೇನೆ. ಅವರು ಬರೆದ ಟಿಪ್ಪಣಿಗಳೇ ನನ್ನ ಪಠ್ಯ. ಹಿಂದಿರುವವನಿಗೆ ಚೆಂಡನ್ನು ಕೊಡುವ ಆಟವನ್ನು ಅವರು ರಗ್ಬಿಯ ಹೆಸರು ಕೇಳುವ ಮುಂಚೆಯೇ ಕಲಿತಿದ್ದರು. ಒಂದೇ ಕೋಣೆಯಲ್ಲಿ ನಾವಿಬ್ಬರೂ ಕುಳಿತು ಬರೆಯಬಹುದು. ಗೆರೆ ನಮ್ಮಿಬ್ಬರ ನಡುವೆಯೇ ಬೀಳಲೂಬಹುದು.

ಅವರ ಪ್ರಶ್ನೆಗೆ ಈಗ ನನಗೆ ತೋಚಿದ ಉತ್ತರವಿಷ್ಟು. ಮೂವತ್ತು ಪಂದ್ಯಗಳ ಫಲ ಪೂರ್ತಿ ಸೊನ್ನೆಯಲ್ಲ. ಎರಡನೆಯ ಬಾಗಿಲನ್ನು ತಲುಪಲು ಗ್ರೆನೋಬ್ಲಿಗೆ ದಾರಿಯಾದದ್ದು ಅವೇ. ಆ ಬಾಗಿಲು ಮೂರು ಸಲವೂ ತೆರೆಯಲಿಲ್ಲ ಎಂಬುದು ಬೇರೆ ಮಾತು. ಆದರೆ ಹಾಗೊಂದು ಬಾಗಿಲು ಇರಬೇಕೆಂದು ಆ ನಿಯಮ ಮಾಡಿದವರಿಗೆ ಹೊಳೆಯಿತಲ್ಲ, ಅದು ದೊಡ್ಡದು. ನಮ್ಮ ಪರೀಕ್ಷೆಗಳಲ್ಲಿ ಆರನೆಯವನಿಗೆ ಸಂಜೆಯುಂಟು. ಮೊದಲನೆಯವನಿಗೆ ಎರಡನೆಯ ಬಾಗಿಲಿಲ್ಲ, ಐದರ ಒಳಗೆ ಸೋತವನಿಗೆ ಆ ಒಂದು ಅಂಕವೂ ಇಲ್ಲ. ನನ್ನ ಸಂಜೆಯನ್ನು ಯಾರೂ ಕಸಿಯದಿರಲಿ. ಹಾಗೆಯೇ ಅವರ ಮೂವತ್ತು ಪಂದ್ಯಗಳನ್ನು ಯಾರಾದರೂ ಒಬ್ಬರು ಬಿಡಿಸಿ ಓದಲಿ.