ಮಳೆಯ ದೃಶ್ಯಕ್ಕೊಂದು ಕಾರ್ಡು

ಮೈಸೂರು, 8 ಜುಲೈ 2001, ಭಾನುವಾರ

ಭಾವ ಲಂಡನ್ನಿನಿಂದ ತಂದ ‘ಸೆವೆನ್ ಸಮುರಾಯ್’ ಡಿವಿಡಿಯನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಕುರೊಸಾವಾನ 1954ರ ಚಿತ್ರ, ಮೂರು ಗಂಟೆಗೂ ಮೀರಿದ್ದು. ವಿಸಿಡಿಯಾಗಿದ್ದರೆ ನಡುನಡುವೆ ಎದ್ದು ಡಿಸ್ಕ್ ಬದಲಾಯಿಸಬೇಕಿತ್ತು, ಚಿತ್ರವೂ 352x288 ಅಷ್ಟೇ. ಇದು 720x576. ಕಪ್ಪು ಬಿಳುಪಿನ ನಡುವೆ ಎಷ್ಟೊಂದು ಬೂದು ಛಾಯೆಗಳಿವೆ ಎಂದು ಇವತ್ತು ಕಂಡಿತು. ಆದರೆ ಕೊನೆಯ ಮಳೆಯ ಕಾಳಗ ಬರುತ್ತಿದ್ದಂತೆ ತಡವರಿಕೆ ಶುರು. ಕುದುರೆಗಳು ಓಡುವ ಬದಲು ನೆಗೆಯುತ್ತಿದ್ದವು, ಶಬ್ದ ಮುಂದೆ ಹೋಗಿ ಚಿತ್ರ ಹಿಂದೆ ಬಿತ್ತು.

ಹೆಗ್ಗೋಡಿನ ಶಿಬಿರದಲ್ಲಿ ‘ರಾಶೋಮನ್’ ನೋಡಿ ಬಂದಾಗಿನಿಂದ ಅಪ್ಪನಿಗೆ ಕುರೊಸಾವಾ ಎಂದರೆ ಪ್ರಾಣ. ಮಂಡಿನೋವಿನಿಂದ ಈಗ ಥಿಯೇಟರಿನ ಮೆಟ್ಟಿಲು ಹತ್ತಲಾರರು. ಈ ಚಿತ್ರವನ್ನು ಅವರಿಗೆ ಹೀಗೆ ಮುಕ್ಕಾಗಿ ತೋರಿಸಲು ನನಗೆ ಮನಸ್ಸಿಲ್ಲ.

10 ಜುಲೈ, ಮಂಗಳವಾರ

ಡಿವಿಡಿ ಡಿಕೋಡರ್ ಕಾರ್ಡ್ ಕೇಳಿದ್ದಕ್ಕೆ ಸರಸ್ವತಿಪುರಂ ಅಂಗಡಿಯವರ ಮಾತು: “ಕಾರ್ಡೆಲ್ಲ ಯಾಕೆ ಸಾರ್? ಪವರ್‌ಡಿವಿಡಿನೋ ವಿನ್‌ಡಿವಿಡಿನೋ ಹಾಕ್ಕೊಳ್ಳಿ, ಪ್ರೊಸೆಸರ್ ಪೆಂಟಿಯಂ 3 ಮಾಡಿಸಿಬಿಡಿ.” ಹೊಸ ಯಂತ್ರ ಕೊಳ್ಳುವವರಿಗೆ ಇದು ಸರಿಯಾದ ಸಲಹೆಯೇ. ನಮ್ಮದು ಪೆಂಟಿಯಂ 2, 350 ಮೆಗಾಹರ್ಟ್ಸ್. ಪ್ರೊಸೆಸರ್ ಬದಲಿಸಹೊರಟರೆ ಮದರ್‌ಬೋರ್ಡಿಗೂ ಕೈ ಹಚ್ಚಬೇಕಾದೀತು.

ಮಳೆಯಲ್ಲೇ ಏಕೆ ತಡವರಿಕೆ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ. ಡಿವಿಡಿ ಬಳಸುವ ಎಂಪೆಗ್-2ರಲ್ಲಿ ಸೆಕೆಂಡಿನ 25 ಚಿತ್ರಗಳೂ ಪೂರ್ತಿಯಾಗಿ ಇರುವುದಿಲ್ಲ. ಕೆಲವು ಮಾತ್ರ ಪೂರ್ತಿ. ಉಳಿದವಕ್ಕೆ ಅಕ್ಕಪಕ್ಕದ ಚಿತ್ರದ ಯಾವ ತುಣುಕು ಎಲ್ಲಿಗೆ ಸರಿಯಿತು, ಏನು ಬದಲಾಯಿತು ಎಂಬ ಲೆಕ್ಕವಷ್ಟೇ. ಸುಮ್ಮನೆ ಕೂತವನ ಮುಖಕ್ಕೆ ಆ ಲೆಕ್ಕ ಸುಲಭ. ಮಳೆಯಲ್ಲಿ ಹನಿಹನಿಯೂ ಹೊಸದು, ಎರವಲು ತರಲು ಏನೂ ಸಿಗದು. ಮಾಹಿತಿ ಗರಿಷ್ಠ ಮಿತಿಯಾದ ಸೆಕೆಂಡಿಗೆ 9.8 ಮೆಗಾಬಿಟ್ಟಿನ ಕಡೆಗೆ ಏರುತ್ತದೆ, ಬಿಡಿಸುವ ಭಾರವೂ ಅಷ್ಟೇ ಏರುತ್ತದೆ. ಸಾಫ್ಟ್‌ವೇರ್ ಪ್ಲೇಯರಿನಲ್ಲಿ ಅದೆಲ್ಲ ಬೀಳುವುದು ಪ್ರೊಸೆಸರಿನ ತಲೆಗೆ.

14 ಜುಲೈ, ಶನಿವಾರ

ಮಾನಸಗಂಗೋತ್ರಿಯ ಗೆಳೆಯ ಬಂದಿದ್ದ. ಮೊದಲು ಡಿವೈಸ್ ಮ್ಯಾನೇಜರಿಗೆ ಹೋಗಿ ಡಿವಿಡಿ ಡ್ರೈವಿನ ಮುಂದೆ ಡಿಎಂಎ ಗುರುತು ಹಾಕಿದ. ವಿಂಡೋಸ್ 98ರಲ್ಲಿ ಇದನ್ನು ನಾವೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಡಿಸ್ಕಿನಿಂದ ಮಾಹಿತಿ ಹೊರುವ ಕೂಲಿಯೂ ಪ್ರೊಸೆಸರಿನದೇ. ದೊಡ್ಡ ವ್ಯತ್ಯಾಸ! ಹಳ್ಳಿಯ ದೃಶ್ಯಗಳೆಲ್ಲ ನೀರು ಹರಿದಂತೆ ಬಂದವು. ಮಳೆ ಮಾತ್ರ ಇನ್ನೂ ಮುಗ್ಗರಿಸುತ್ತದೆ.

ಆಮೇಲೆ ಚೀಲದಿಂದ ತನ್ನ ಡಿಕೋಡರ್ ಕಾರ್ಡ್ ತೆಗೆದ. ಹಾಲಿವುಡ್ ಪ್ಲಸ್, ಡಿಎಕ್ಸ್‌ಆರ್3 ಎಂದು ಹೆಸರು ಬೇರೆ ಬೇರೆ ಇದ್ದರೂ ಅವೆರಡರ ಒಳಗೂ ಸಿಗ್ಮಾದ ಇಎಂ8300 ಚಿಪ್ಪೇ ಇರುವುದು ಎಂದು ವಿವರಿಸುತ್ತ ಪಿಸಿಐ ಸ್ಲಾಟಿಗೆ ಕೂರಿಸಿದ. ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಕಾರ್ಡೇ ವಹಿಸಿಕೊಂಡಿತು. ಮಳೆ ಮಳೆಯ ಹಾಗೇ ಸುರಿಯಿತು. ಕೆಸರಲ್ಲಿ ಬಿದ್ದವನು ಏಳುವುದೂ ಕಂಡಿತು.

ಡಿಸ್ಕುಗಳಿಗೆ ಪ್ರದೇಶವಾರು ಬೀಗ ಹಾಕುವ ರೀಜನ್ ಸಂಖ್ಯೆಯ ತೊಡಕಿಗೆ ಮಾತ್ರ ಕಾರ್ಡಿನಲ್ಲೂ ಮದ್ದಿಲ್ಲ. ಭಾರತಕ್ಕೆ 5, ಈ ಡಿಸ್ಕಿಗೆ 2. ಈಗಿನ ಡ್ರೈವ್‌ಗಳು ಅದನ್ನು ತಮ್ಮೊಳಗೇ ಬರೆದಿಟ್ಟುಕೊಂಡು ಐದು ಸಲ ಮಾತ್ರ ಬದಲಿಸಲು ಬಿಡುತ್ತವೆ. ದುಡ್ಡು ಕೊಟ್ಟು ಕೊಂಡ ಡಿಸ್ಕಿಗೆ ಇಂಥ ಬೇಲಿ ಅನ್ಯಾಯ.

15 ಜುಲೈ, ಭಾನುವಾರ

ಬೆಳಿಗ್ಗೆ ‘ಬರಹ’ ತಂತ್ರಾಂಶದಲ್ಲಿ ಲೇಖನ ತಿದ್ದಲು ಕೂತರೆ ಒತ್ತಕ್ಷರಗಳು ಮಂಕು. ಮಾನಿಟರಿಗೆ ಹೋಗುವ ಸಿಗ್ನಲ್ ಈಗ ಕಾರ್ಡಿನ ಮೂಲಕ ಬಳಸಿಕೊಂಡು ಬರುತ್ತದೆ. ಆ ಕೇಬಲ್ಲಿನಲ್ಲೇ ಅಕ್ಷರದ ಅಂಚು ಸವೆಯುತ್ತದೆ. ದಿನವಿಡೀ ಕನ್ನಡ ಓದುವ ಕಣ್ಣಿಗೆ ಇದು ಸಣ್ಣ ತೊಂದರೆಯಲ್ಲ.

ಕೇಬಲ್ ಬಿಚ್ಚಿ ಮಾನಿಟರನ್ನು ಮೊದಲಿನಂತೆ ಜೋಡಿಸಿದೆ. ಕಾರ್ಡಿನ ಟಿವಿ ಔಟಿನಿಂದ ಹಜಾರದ ಟಿವಿಗೆ ವೈರ್ ಎಳೆದೆ. ಬರವಣಿಗೆ ಮಾನಿಟರಿನಲ್ಲಿ, ಸಿನಿಮಾ ಟಿವಿಯಲ್ಲಿ. ಎರಡಕ್ಕೂ ಒಂದೇ ಹಳೇ ಯಂತ್ರ ಸಾಕು. ಮುಂದೆ ಯಂತ್ರವನ್ನೇ ಬದಲಿಸಿದಾಗ ಸಾಫ್ಟ್‌ವೇರ್ ಸಾಕಾದೀತು. ಅಲ್ಲಿಯವರೆಗೆ ನನ್ನ ಆಯ್ಕೆ ಕಾರ್ಡೇ. ತನ್ನದನ್ನು ಕೊಡಲು ಗೆಳೆಯ ಒಪ್ಪಿದ್ದಾನೆ.

ಅಪ್ಪ ಆರಾಮಕುರ್ಚಿಯಲ್ಲಿ ಕೂತು ಪೂರ್ತಿ ನೋಡಿದರು. ಸಬ್‌ಟೈಟಲ್ ಕನ್ನಡಕವಿಲ್ಲದೆಯೂ ಓದಲಾಯಿತಂತೆ. “‘ಇಕಿರು’ ಸಿಗುತ್ತಾ ಕೇಳೋ” ಎಂದರು. ಭಾವನಿಗೆ ನಾಳೆಯೇ ಇ-ಮೇಲ್ ಮಾಡಬೇಕು.