ಕಡ್ಡಿಯನ್ನು ಗುಡ್ಡ ಮಾಡುವ ಪೆಟ್ಟಿಗೆ

ಈ ಸಲ ಸ್ವಲ್ಪ ತಾಂತ್ರಿಕ ವಿಷಯ. ಗಿಟಾರು, ವಾಲ್ವು ಅಂದ ತಕ್ಷಣ "ಇದು ನಮಗಲ್ಲಪ್ಪ" ಅಂತ ಓದೋದು ನಿಲ್ಲಿಸಬೇಡಿ. ಅರವತ್ತರ ಆಸುಪಾಸಿನಲ್ಲಿರೋ, ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಸದ್ದಿನ ಪರಿಚಯ ಇದ್ದೇ ಇದೆ. ವಾಲ್ವ್ ರೇಡಿಯೋ ಹಚ್ಚಿ, ಅದು ಬಿಸಿಯಾಗೋವರೆಗೆ ಕಾದು, 765 ಕಿಲೋಹರ್ಟ್ಸ್‌ನಲ್ಲಿ ಧಾರವಾಡ ಸಿಕ್ಕೀತೇನೋ ಅಂತ ಮುಳ್ಳನ್ನ ಒಂದೊಂದೇ ಕೂದಲೆಳೆಯಷ್ಟು ತಿರುಗಿಸುವಾಗ, ಮಾತಿನ ಹಿಂದೆ "ಬುಸ್ಸ್..." ಅಂತ ಕೇಳ್ತಿತ್ತಲ್ಲ? ಅದೇ ಸದ್ದಿನ ಕತೆ ಇದು.

ವಿಜಯವಾಡದಿಂದ ಸುಮಾರು 20 ಕಿಲೋಮೀಟರ್ ದೂರದ ಕೊಂಡಪಲ್ಲಿಯಲ್ಲಿ ನಮ್ಮ ವಾಸ. ಮರದ ಬೊಂಬೆಗಳಿಂದ ಹೆಸರಾದ ಊರು. ನಮ್ಮ ಬೀದಿಯ ಬೊಂಬೆ ಮಾಡುವವರ ಮಗನೊಬ್ಬ ಗಿಟಾರ್ ನುಡಿಸ್ತಾನೆ. ಕಾಲೇಜು ಹಬ್ಬ, ಮದುವೆ ಆರ್ಕೆಸ್ಟ್ರಾ, ಹೀಗೆ ನಾಲ್ಕು ಕಾಸು ಸಂಪಾದನೆಯೂ ಇದೆ. ಎರಡು ವರ್ಷ ದುಡ್ಡು ಕೂಡಿಟ್ಟು ಯಾರೋ ಕೈಯಿಂದಲೇ ಕಟ್ಟಿದ ಒಂದು ಹಳೇ ವಾಲ್ವ್ ಆಂಪ್ಲಿಫೈಯರ್ ಕೊಂಡಿದ್ದ. ಗೇನ್ ಜಾಸ್ತಿ ಇರೋ, ರಾಕ್ ಸಂಗೀತಕ್ಕೆ ಹೇಳಿ ಮಾಡಿಸಿದ ಆಂಪ್. ಗೇನ್ ತಿರುಗಿಸಿದರೆ ಸಾಕು, ನುಡಿಸದೆ ಸುಮ್ಮನಿದ್ದಾಗಲೂ ಬೀದಿ ಬಾಗಿಲವರೆಗೆ ಬುಸ್ಸ್! ಒಂದು ರಿಪೇರಿ ಅಂಗಡಿಯವರು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದಲಾಯಿಸಬೇಕು ಅಂದು, ಆಂಪ್ ಕೊಂಡ ಬೆಲೆಯ ಅರ್ಧಕ್ಕಿಂತ ಜಾಸ್ತಿ ಕೇಳಿದ್ದರು. ಅವರಪ್ಪ ಮಾರಿಬಿಡು ಅಂತಿದ್ದರು. ಕೊಳ್ಳೋಕೆ ಬಂದವರು ಸದ್ದು ಕೇಳಿ ಅರ್ಧ ಬೆಲೆಗೆ ಇಳಿಸಿದ್ದರು.

"ಬಾಬಾಯ್, ಪಾಮು ಬುಸ ಕೊಟ್ಟಿನಟ್ಟುಂದಿ" ಅಂದ. ಹಾವು ಬುಸುಗುಟ್ಟಿದ ಹಾಗಿದೆ ಅಂತ. ತೆಲುಗಿನ ಬುಸ, ನಮ್ಮ ಬುಸುಗುಟ್ಟುವುದು, ಎರಡೂ ಒಂದೇ. ಆ ಮಾತೇ ಅರ್ಧ ಪರೀಕ್ಷೆ ಮುಗಿಸಿತು ಅನ್ನಿ.

ಯಾಕೆ ಅಂದರೆ ಆಂಪ್‌ನ ಸದ್ದುಗಳಲ್ಲಿ ಜಾತಿಗಳಿವೆ. "ಗುಂಯ್" ಅನ್ನೋದು ಕರೆಂಟಿನ ಸದ್ದು, 50 ಅಥವಾ 100 ಹರ್ಟ್ಸ್. ಅರ್ಥಿಂಗ್, ಫಿಲ್ಟರ್ ಕೆಪಾಸಿಟರ್, ವೈರುಗಳ ಓಟ ಇವನ್ನು ನೋಡಬೇಕು. "ಚಟಪಟ" ಅಂದರೆ ಸಡಿಲ ಸೋಲ್ಡರ್, ಕೊಳೆಯಾದ ಸಾಕೆಟ್ ಅಥವಾ ಹಾಳಾಗುತ್ತಿರೋ ರೆಸಿಸ್ಟರ್. "ಬುಸ್" ಬೇರೆಯೇ ಜಾತಿ. ಅದರಲ್ಲಿ ಒಂದು ಸ್ವರ ಅಂತಿಲ್ಲ, ಎಲ್ಲ ಸ್ವರಗಳೂ ಒಟ್ಟಿಗೆ ಇರುತ್ತವೆ. ಪಕ್ಕದ ಇಬ್ರಾಹಿಂಪಟ್ನಂನಲ್ಲಿ 1979ರಿಂದ ಉಷ್ಣ ವಿದ್ಯುತ್ ಸ್ಥಾವರ ಇದೆಯಲ್ಲ, ಅದರಿಂದಲೇ ಈ ಕಾಟ ಅಂತ ಬೀದಿಯವರ ತೀರ್ಮಾನ. ಪಾಪ, ಸ್ಥಾವರದ್ದೇನೂ ತಪ್ಪಿಲ್ಲ. ಕರೆಂಟಿನ ಕಾಟವಾಗಿದ್ದರೆ ಗುಂಯ್ ಅನ್ನಬೇಕಿತ್ತು.

ಹಾಗಾದರೆ ಬುಸ್ ಎಲ್ಲಿಂದ? ಯಾವುದೇ ರೆಸಿಸ್ಟರ್ ಒಳಗೆ ಎಲೆಕ್ಟ್ರಾನುಗಳು ಶಾಖದಿಂದಾಗಿ ಸದಾ ಗಿಜಿಗುಡುತ್ತವೆ. ಅದರಿಂದ ತೀರಾ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. 1928ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಜಾನ್ಸನ್ ಇದನ್ನು ಅಳೆದು ಪ್ರಕಟಿಸಿದರು, ನೈಕ್ವಿಸ್ಟ್ ಲೆಕ್ಕ ಕೊಟ್ಟರು. ವಾಲ್ವ್ ಒಳಗೆ ಇನ್ನೊಂದು ಥರ. ಎಲೆಕ್ಟ್ರಾನುಗಳು ನಲ್ಲಿ ನೀರಿನ ಹಾಗೆ ಒಂದೇ ಧಾರೆಯಾಗಿ ಹರಿಯೋದಿಲ್ಲ, ತಗಡಿನ ಮಾಡಿನ ಮೇಲೆ ಮಳೆ ಬಿದ್ದ ಹಾಗೆ ಹನಿಹನಿಯಾಗಿ ಪ್ಲೇಟಿಗೆ ಬೀಳುತ್ತವೆ. ಇದನ್ನು ಜರ್ಮನಿಯ ಶಾಟ್ಕಿ 1918ರಲ್ಲೇ ಹೇಳಿದ್ದರು. ಅಂದರೆ ಬುಸ್ ಪೂರ್ತಿ ಹೋಗೋದಿಲ್ಲ. ಎಷ್ಟು ನ್ಯಾಯವಾದದ್ದು, ಎಷ್ಟು ಅನ್ಯಾಯದ್ದು ಅಂತ ಬೇರ್ಪಡಿಸೋದೇ ನಮ್ಮ ಕೆಲಸ.

ಒಂದಿಷ್ಟು ಲೆಕ್ಕ ನೋಡಿ. ಗಿಟಾರ್ ಆಂಪ್‌ನ ಬಾಗಿಲಲ್ಲಿ, ಮೊದಲ ವಾಲ್ವಿನ ಗ್ರಿಡ್‌ಗೆ ಹೋಗುವ ದಾರಿಯಲ್ಲಿ, ಸಾಮಾನ್ಯವಾಗಿ 68 ಕಿಲೋಓಮ್‌ನ ರೆಸಿಸ್ಟರ್ ಇರುತ್ತೆ. 27 ಡಿಗ್ರಿಯಲ್ಲಿ, ನಮ್ಮ ಕಿವಿಗೆ ಕೇಳುವ 20 ಕಿಲೋಹರ್ಟ್ಸ್ ಹರವಿನಲ್ಲಿ, ಅದು ಹುಟ್ಟಿಸುವ ಸದ್ದು ಸುಮಾರು 4.7 ಮೈಕ್ರೋವೋಲ್ಟ್. ಕಡ್ಡಿಯಷ್ಟೂ ಇಲ್ಲ. ಆದರೆ ಒಂದೊಂದು ಹಂತವೂ ಅದನ್ನು ಸುಮಾರು 50 ಪಟ್ಟು ಮಾಡುತ್ತೆ ಅಂದುಕೊಳ್ಳಿ. ಮೊದಲ ಹಂತ ದಾಟಿದಾಗ 235 ಮೈಕ್ರೋವೋಲ್ಟ್. ಎರಡನೆಯದು ದಾಟಿದಾಗ 12 ಮಿಲಿವೋಲ್ಟ್. ಮೂರನೆಯದು ದಾಟಿದಾಗ ಅರ್ಧ ವೋಲ್ಟಿಗಿಂತ ಜಾಸ್ತಿ! ನಿಜವಾದ ಆಂಪ್‌ನಲ್ಲಿ ಹಂತಗಳ ನಡುವೆ ಸ್ವಲ್ಪ ತಗ್ಗಿಸಿರುತ್ತಾರೆ, ಆದರೂ ಕತೆ ಇದೇ. ಕಡ್ಡಿಯನ್ನು ಗುಡ್ಡ ಮಾಡೋದಕ್ಕೇ ದುಡ್ಡು ಕೊಟ್ಟು ಈ ಪೆಟ್ಟಿಗೆ ತಂದಿರೋದು. (ಊರಿನ ಹೆಸರಲ್ಲೇ 'ಕೊಂಡ' ಇದೆ ಬೇರೆ :-) )

ಇನ್ನೂ ಒಂದು ತಮಾಷೆ ಇದೆ. ಗಿಟಾರಿನ ಸ್ವರ ಜೋರಾಗಿದ್ದರೆ ಒಂದು ಮಿತಿಗೆ ಹೋಗಿ ತಲೆ ಬಡಿದುಕೊಳ್ಳುತ್ತೆ, ಅಲ್ಲಿಂದ ಮೇಲೆ ಬೆಳೆಯೋಕಾಗಲ್ಲ. ಆ ತಲೆ ಬಡಿತವೇ ರಾಕ್ ಗಿಟಾರಿನ ಒರಟು ನಾದ. ಬುಸ್ ಚಿಕ್ಕದು, ಅದಕ್ಕೆ ಚಾವಣಿ ತಾಗೋದಿಲ್ಲ, ಬೆಳೀತಾನೇ ಇರುತ್ತೆ. ಆದ್ದರಿಂದ ಗೇನ್ ಏರಿಸಿದಷ್ಟೂ ಸ್ವರಕ್ಕೂ ಬುಸ್‌ಗೂ ಅಂತರ ಕಮ್ಮಿ.

ಇದರಿಂದ ಒಂದು ಪಾಠ. ಸದ್ದು ಹುಟ್ಟುವ ಮನೆ ಮೊದಲ ಹಂತ, ಅದನ್ನು ನೋಡದೆ ಕೊನೆಯ ಹಂತದ ಟ್ರಾನ್ಸ್‌ಫಾರ್ಮರ್ ಬದಲಾಯಿಸೋದು ಅಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅದಕ್ಕೇ "ಒಂದು ರೂಪಾಯೂ ಖರ್ಚು ಮಾಡಬೇಡ, ಮೊದಲು ಸದ್ದು ಎಲ್ಲಿ ಹುಟ್ಟುತ್ತೆ ನೋಡೋಣ" ಅಂದೆ.

ಮೊದಲು ಗಿಟಾರಿನ ವೈರ್ ಕಿತ್ತೆವು. ರೇಡಿಯೋದಲ್ಲಿ ಏರಿಯಲ್ ಕಿತ್ತು ನೋಡ್ತಿದ್ದೆವಲ್ಲ, ಅದೇ ಉಪಾಯ. ಏರಿಯಲ್ ಕಿತ್ತಾಗ ಬುಸ್ ಇಳಿದರೆ ಅದು ಆಕಾಶದ್ದು, ಇಳಿಯದಿದ್ದರೆ ಪೆಟ್ಟಿಗೆಯದು. ಈ ಆಂಪ್‌ನ ಜ್ಯಾಕ್ ಖಾಲಿಯಿದ್ದಾಗ ತಾನಾಗೇ ನೆಲಕ್ಕೆ, ಅಂದರೆ ಗ್ರೌಂಡಿಗೆ, ಸೇರಿಕೊಳ್ಳುವಂಥದ್ದು. ಬುಸ್ ಹಾಗೇ ಇತ್ತು. ಗಿಟಾರು, ಪೆಡಲು ನಿರಪರಾಧಿಗಳು.

ಎರಡನೆಯದು, ಮಾಸ್ಟರ್ ವಾಲ್ಯೂಮ್ ಸೊನ್ನೆ. ಬಹುತೇಕ ಮೌನ. ಅಲ್ಲಿಗೆ ಹಿಂದಿನ ಪವರ್ ವಾಲ್ವ್‌ಗಳು, ಟ್ರಾನ್ಸ್‌ಫಾರ್ಮರ್ ಎಲ್ಲ ಬಚಾವ್. ಅರ್ಧ ನಿಮಿಷದ ಪರೀಕ್ಷೆ, ಖರ್ಚು ಸೊನ್ನೆ!

ಮೂರನೆಯದು, ಮಾಸ್ಟರ್ ಏರಿಸಿ ಗೇನ್ ಸೊನ್ನೆ ಮಾಡಿದೆವು. ಈ ಆಂಪ್‌ನಲ್ಲಿ ಗೇನ್ ಗುಬುಟು ಇರೋದು ಮೊದಲ ಹಂತದ ನಂತರ. ಅದನ್ನು ಇಳಿಸಿದಾಗ ಬುಸ್ ಹೋಯಿತು ಅಂದರೆ ಅದು ಅದಕ್ಕಿಂತ ಮುಂಚೆಯೇ ಹುಟ್ಟಿರಬೇಕು. ಹೋಯಿತು. ಆರೋಪಿ ಸಿಕ್ಕಿದ, ಮೊದಲ ವಾಲ್ವು ಮತ್ತು ಅದರ ಸುತ್ತಲಿನ ಮೂರು-ನಾಲ್ಕು ರೆಸಿಸ್ಟರು.

ಮೊದಲ ವಾಲ್ವು ಇಸಿಸಿ83, ಅದನ್ನೇ ಅಮೆರಿಕದವರು 12ಎಎಕ್ಸ್7 ಅಂತಾರೆ. ಈ ಆಂಪ್‌ನಲ್ಲಿ ಅಂಥವು ನಾಲ್ಕು. ಹೊಸದು ಕೊಳ್ಳೋ ಮುಂಚೆ ಇರೋದನ್ನೇ ಅದಲು ಬದಲು ಮಾಡಿ ನೋಡಬೇಕು, ಸ್ವಿಚ್ ಆರಿಸಿ, ತಣ್ಣಗಾದ ಮೇಲೆ. ಮೊದಲನೆಯದನ್ನು ಕೊನೆಯ ಜಾಗಕ್ಕೂ ಕೊನೆಯದನ್ನು ಮೊದಲ ಜಾಗಕ್ಕೂ ಹಾಕಿದೆವು. ಬುಸ್ ಕಿವಿಗೆ ಗೊತ್ತಾಗುವಷ್ಟು ಇಳಿಯಿತು. ಗಲಾಟೆ ಮಾಡ್ತಿದ್ದ ವಾಲ್ವು ಹಿಂದಿನ ಬೆಂಚಿಗೆ ಹೋಗಿ ಸುಮ್ಮನಾಯಿತು, ಅಲ್ಲಿ ಅದರ ಸದ್ದನ್ನು ಗುಡ್ಡ ಮಾಡೋಕೆ ಮುಂದೆ ಯಾರೂ ಇಲ್ಲ.

ಅಂದ ಹಾಗೆ ನನ್ನ ಹಳೇ ರೇಡಿಯೋದ ಇಎಲ್84 ಮೇಲೆ ಬಿಇಎಲ್ ಮುದ್ರೆ ಇದೆ, ಬೆಂಗಳೂರಿನ ಜಾಲಹಳ್ಳಿಯದು. 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆಗೆ ಕೈ ಹಾಕಿತ್ತು. ಈಗ ಹೊಸ ವಾಲ್ವ್ ಬೇಕೆಂದರೆ ರಷ್ಯಾ, ಚೀನಾ, ಸ್ಲೊವಾಕಿಯಾ ಕಡೆ ನೋಡಬೇಕು. ಆ ಮುದ್ರೆ ತೋರಿಸಿ "ಇದು ನಮ್ಮೂರ ಕಡೆಯದು" ಅಂತ ಹುಡುಗನ ಮುಂದೆ ಸ್ವಲ್ಪ ಜಂಬ ಕೊಚ್ಚಿಕೊಂಡೆ :-)

ಮುಂದಿನದಕ್ಕೆ ಪೆಟ್ಟಿಗೆ ತೆರೆಯಬೇಕು. ಇಲ್ಲಿ ಒಂದು ಎಚ್ಚರಿಕೆ. ವಾಲ್ವ್ ಆಂಪ್ ಒಳಗೆ 300ರಿಂದ 450 ವೋಲ್ಟ್ ಡಿಸಿ ಇರುತ್ತೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮಲ್ಟಿಮೀಟರಿನಲ್ಲಿ ಸೊನ್ನೆಗೆ ಬಂದದ್ದನ್ನು ನೋಡದೆ ಕೈ ಹಾಕಲೇಬಾರದು. ಈ ಕೆಲಸ ಗೊತ್ತಿಲ್ಲದವರು ಗೊತ್ತಿದ್ದವರ ಹತ್ತಿರವೇ ಮಾಡಿಸಿ. ಜೀವಕ್ಕಿಂತ ಗಿಟಾರ್ ದೊಡ್ಡದಲ್ಲ.

ಒಳಗೆ ನೋಡಿದರೆ ಕಂದು ಬಣ್ಣದ ಹಳೇ ಕಾರ್ಬನ್ ಕಾಂಪೋಸಿಷನ್ ರೆಸಿಸ್ಟರುಗಳ ಸಾಲು. ಹಳೇ ನಾದ ಬೇಕು ಅಂತ ಕೆಲವರು ಹುಡುಕಿ ಹುಡುಕಿ ಇವನ್ನೇ ಹಾಕ್ತಾರೆ. ಹಳೆಯದರ ಮೇಲೆ ನನಗೂ ಮೋಹ ಇದೆ, ಆದರೆ ಜಾಗ ನೋಡಿ ಮೋಹಿಸಬೇಕು. ಶಾಖದ ಬುಸ್ ಎಲ್ಲ ಬಗೆಯ ರೆಸಿಸ್ಟರಿನಲ್ಲೂ ಒಂದೇ. ಆದರೆ ಡಿಸಿ ವೋಲ್ಟೇಜ್ ಹೊತ್ತು ನಿಂತಾಗ ಕಾರ್ಬನ್ ಕಾಂಪೋಸಿಷನ್ ಅದರ ಮೇಲೆ ತನ್ನದೊಂದು ಸದ್ದು ಸೇರಿಸುತ್ತೆ, ಮೆಟಲ್ ಫಿಲ್ಮ್‌ನಲ್ಲಿ ಅದು ತೀರಾ ಕಮ್ಮಿ. ಮೊದಲ ವಾಲ್ವಿನ ಪ್ಲೇಟಿಗೆ ಕೂತ 100 ಕಿಲೋಓಮ್ ರೆಸಿಸ್ಟರ್ ನೂರಕ್ಕೂ ಹೆಚ್ಚು ವೋಲ್ಟ್ ಹೊತ್ತಿರುತ್ತೆ. ಅದನ್ನು ಒಂದು ವಾಟಿನ ಮೆಟಲ್ ಫಿಲ್ಮ್‌ಗೆ ಬದಲಾಯಿಸಿದೆವು. ಹತ್ತು ರೂಪಾಯಿ ಒಳಗಿನ ಸಾಮಾನು. ಬುಸ್ ಮತ್ತೊಂದು ಮೆಟ್ಟಿಲು ಇಳಿಯಿತು.

ಬಾಗಿಲಿನ 68 ಕಿಲೋಓಮ್ ತೆಗೆದು 10 ಕಿಲೋಓಮ್ ಹಾಕಿದೆವು. ಲೆಕ್ಕದ ಪ್ರಕಾರ ಅದರ ಸದ್ದು 4.7ರಿಂದ 1.8 ಮೈಕ್ರೋವೋಲ್ಟಿಗೆ. ಪೂರ್ತಿ ತೆಗೆಯಬಾರದು. ರೇಡಿಯೋ ಅಲೆಗಳು ಒಳಗೆ ನುಗ್ಗದಂತೆ ಅದು ಕಾವಲು, ಆದ್ದರಿಂದ ಸಾಕೆಟ್ಟಿಗೆ ಅಂಟಿಕೊಂಡೇ ಇರಬೇಕು. ಇಲ್ಲದಿದ್ದರೆ ಗಿಟಾರ್ ಆಂಪ್‌ನಲ್ಲಿ ವಾರ್ತೆ ಕೇಳಬೇಕಾಗುತ್ತೆ.

ಆಮೇಲೆ ಹುಡುಗನಿಗೆ ಹುಮ್ಮಸ್ಸು ಬಂತು. "ಎಲ್ಲಾ ರೆಸಿಸ್ಟರ್ ಬದಲಾಯಿಸೋಣ ಬಾಬಾಯ್" ಅಂದ. ಬೇಡ ಅಂದೆ. ಬುಸ್ ಸದ್ದುಗಳು ನಮ್ಮ ಸಂತೆ ಲೆಕ್ಕದ ಹಾಗೆ ಕೂಡೋದಿಲ್ಲ. 3 ಮತ್ತು 4 ಸೇರಿದರೆ 7 ಅಲ್ಲ, 5. ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೀಬೇಕು. 10 ಮತ್ತು 1 ಸೇರಿದರೆ ಬರೀ 10.05. ಆ ಒಂದನ್ನು ಪೂರ್ತಿ ಕಿತ್ತು ಹಾಕಿದರೂ ಕಿವಿಗೆ ಗೊತ್ತಾಗೋದಿಲ್ಲ. ದೊಡ್ಡದನ್ನು ಹಿಡಿದರೆ ಸಾಕು, ಚಿಲ್ಲರೆಯವು ಇದ್ದುಕೊಳ್ಳಲಿ.

"ಬೇಸಿಗೆಯಲ್ಲಿ ಜಾಸ್ತಿ ಆಗುತ್ತಾ?" ಅಂತ ಕೇಳಿದ. ಬೆಜವಾಡದ ಬಿಸಿಲಿಗೆ ಎಲ್ಲದರ ಮೇಲೂ ಅನುಮಾನ ಬರೋದು ಸಹಜ. ಆದರೆ ಈ ಲೆಕ್ಕ ಸೊನ್ನೆ ಡಿಗ್ರಿಯಿಂದಲ್ಲ, ಅದಕ್ಕೂ 273 ಡಿಗ್ರಿ ಕೆಳಗಿನಿಂದ ಶುರು. 25ರಿಂದ 45 ಡಿಗ್ರಿಗೆ ಏರಿದರೂ ಶಾಖದ ಬುಸ್ ಹೆಚ್ಚೋದು ನೂರಕ್ಕೆ ಮೂರರಷ್ಟು ಮಾತ್ರ. ನಮಗಾಗೋ ಸೆಖೆಯ ಮುಂದೆ ಅದು ಯಾವ ಲೆಕ್ಕ!

ಸಡಿಲ ಜೋಡಣೆ ಏನಾದರೂ ಉಳಿದಿದೆಯಾ ಅಂತ ಕೊನೆಗೆ ಒಳಗಿನ ವೈರುಗಳನ್ನು ಮೆತ್ತಗೆ ತಟ್ಟಿ ನೋಡಬೇಕಿತ್ತು. ಆಂಪ್ ಚಾಲೂ ಇರುವಾಗ ಮಾಡೋ ಪರೀಕ್ಷೆ ಅದು, ಲೋಹ ಸೋಕುವಂತಿಲ್ಲ. ಅವರಪ್ಪ ಬೊಂಬೆ ಕೆತ್ತುವ ತೆಲ್ಲ ಪೊಣಿಕಿ ಮರದ ಒಂದು ಉದ್ದ ಒಣ ಕಡ್ಡಿ ತಂದು ಕೊಟ್ಟರು. ಹಗುರ, ಮೆತ್ತಗೆ, ಅಳತೆ ಮಾಡಿ ಮಾಡಿಸಿದ ಹಾಗಿತ್ತು. ಒಂದು ಕೈ ಜೇಬಲ್ಲಿಟ್ಟು ಇನ್ನೊಂದರಿಂದ ತಟ್ಟಿದೆ. ಎಲ್ಲೂ ಚಟಪಟ ಇಲ್ಲ.

ಈಗ ಬುಸ್ ಇದೆ, ಆದರೆ ಕೋಣೆಯೊಳಗೇ ಇದೆ. ಉಳಿದದ್ದನ್ನೂ ಮುಚ್ಚೋಕೆ ನಾಯ್ಸ್ ಗೇಟ್ ಪೆಡಲ್ ಕೊಳ್ಳಲಾ ಅಂತ ಕೇಳ್ತಿದ್ದ. ಅದು ನುಡಿಸದಿದ್ದಾಗ ಬಾಗಿಲು ಹಾಕುತ್ತೆ ಅಷ್ಟೆ, ಸ್ವರ ಕರಗುವ ಬಾಲದಲ್ಲಿ ಬುಸ್ ಇದ್ದೇ ಇರುತ್ತೆ, ಒಮ್ಮೊಮ್ಮೆ ಆ ಬಾಲವನ್ನೇ ಕತ್ತರಿಸುತ್ತೆ ಅಂದೆ. ಗೇನ್ ಹತ್ತರಿಂದ ಏಳಕ್ಕೆ ಇಳಿಸಿ ನುಡಿಸು, ದುಡ್ಡು ಉಳಿಸು ಅಂದೆ. ಏಳಕ್ಕೆ ಇಳಿಸಿ ನುಡಿಸಿದ. ಹೊರಗೆ ಜಗುಲಿಯಲ್ಲಿ ಬೊಂಬೆಗೆ ಬಣ್ಣ ಹಚ್ಚುತ್ತಿದ್ದ ಅವರಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತು ಕೇಳಿದರು. ಮಾರೋ ಮಾತು ಮಾತ್ರ ಆಮೇಲೆ ಬಂದಿಲ್ಲ.