ಹಂಗಳದಲ್ಲೊಂದು ‘ಮನಿ’

ಮೈಸೂರಿನಿಂದ ಊಟಿಗೆ ಹೊರಟವರು ಹಂಗಳವನ್ನು ನೋಡುವುದಿಲ್ಲ, ದಾಟುತ್ತಾರೆ. ನಂಜನಗೂಡು, ಬೇಗೂರು, ಗುಂಡ್ಲುಪೇಟೆ ಕಳೆದು ಇನ್ನೇನು ಕಾಡು ಬಂತು ಎಂದು ಕಾರಿನೊಳಗಿನ ಮಕ್ಕಳು ಕಿಟಕಿಗೆ ಮೂಗು ಒತ್ತುವ ಹೊತ್ತಿಗೆ ಸಿಗುವ ಊರು ಇದು. ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ನೇರ ಹೋದರೆ ಮೇಲುಕಾಮನಹಳ್ಳಿಯ ಚೆಕ್‌ಪೋಸ್ಟು, ಅದರಾಚೆ ಬಂಡೀಪುರ. ಹೊರಗಿನವರು ಇಲ್ಲಿ ಗಾಡಿ ನಿಲ್ಲಿಸುವುದು ಬೆಟ್ಟದ ದಾರಿ ಕೇಳುವುದಕ್ಕೆ, ಇಲ್ಲವೆ ಒಂದು ಟೀ ಕುಡಿಯುವುದಕ್ಕೆ. ಜುಲೈ, ಆಗಸ್ಟ್ ತಿಂಗಳಾದರೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ: ರಸ್ತೆಬದಿಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವುದು.

ಆದರೆ ಟ್ರಂಕು, ಗ್ಯಾಸ್ ಸಿಲಿಂಡರು, ರೊಟ್ಟಿ ಬಡಿಯುವ ಕಲ್ಲು, ಕಂಕುಳಲ್ಲೊಂದು ಕೂಸು ಇವಿಷ್ಟರೊಂದಿಗೆ ಹಂಗಳದಲ್ಲೇ ಇಳಿಯುವವರೂ ಇದ್ದಾರೆ. ಬಂಡೀಪುರದ ಕಾಡು ಕಾಯುವ ಗಾರ್ಡುಗಳಲ್ಲಿ ಉತ್ತರ ಕರ್ನಾಟಕದಿಂದ ಬಂದವರು ಅನೇಕರು. ಇಲಾಖೆಯ ಕಾಗದದಲ್ಲಿ ಅವರ ಹುದ್ದೆಯ ಹೆಸರು ಈಗ ‘ಗಸ್ತು ಅರಣ್ಯ ಪಾಲಕ’. ಊರವರ ಬಾಯಲ್ಲಿ ಇಂದಿಗೂ ಗಾರ್ಡೇ. ಬಿಸಿಲ ನಾಡಿನ ಹುಡುಗರು ಓಟದ ಪರೀಕ್ಷೆ ಪಾಸಾಗಿ, ಹೆಸರು ಮಾತ್ರ ಕೇಳಿದ್ದ ಕಾಡಿಗೆ ಬರುತ್ತಾರೆ. ಒಬ್ಬಂಟಿಯಾಗಿರುವಾಗ ಎಲ್ಲೋ ಒಂದು ಕಡೆ ಮಲಗಿ ಎದ್ದರಾಯಿತು. ಮದುವೆಯಾಗಿ, ಮಕ್ಕಳಾಗಿ, ಮಕ್ಕಳು ಅಂಗನವಾಡಿಗೆ ಹೋಗುವ ವಯಸ್ಸಿಗೆ ಬಂದರೆ ಆಗ ಊರೊಂದು ಬೇಕಾಗುತ್ತದೆ. ಹಾಗೆ ಬೇಕಾದ ಊರುಗಳಲ್ಲಿ ಹೋಬಳಿ ಕೇಂದ್ರವಾದ ಹಂಗಳವೂ ಒಂದು.

ಅಂಥ ಒಂದು ಮನೆ ಇಲ್ಲಿನ ಒಂದು ಒಳಬೀದಿಯಲ್ಲಿದೆ. ವಿಜಯಪುರ ಜಿಲ್ಲೆಯ ಕಡೆಯವರು. ಬಂದು ಎರಡು ವರ್ಷದ ಮೇಲಾಯಿತು. ಬಂದಾಗ ಮಗಳಿಗೆ ಐದು ವರ್ಷ, ಮಗನಿಗೆ ಎಂಟು ತಿಂಗಳು. ಗೋಲ ಗುಂಬಜ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕಳೆದು ಮೈಸೂರಿನಲ್ಲಿಳಿದು, ಅಲ್ಲಿಂದ ಬಸ್ಸು ಹಿಡಿದು ಊರು ಮುಟ್ಟುವಾಗ ಮಳೆ ಜಿನುಗುತ್ತಿತ್ತು. ಎರೆಭೂಮಿಯ ಕಪ್ಪನ್ನೇ ನೋಡಿ ಬೆಳೆದ ಹುಡುಗಿ ಇಲ್ಲಿನ ಕೆಂಪು ಕೆಸರು ಕಂಡು, ‘ಯವ್ವಾ, ಮಣ್ಣಿಗಿ ಏನಾಗ್ಯದ?’ ಎಂದು ಕೇಳಿತಂತೆ. ಅವತ್ತು ಹಾಕಿಕೊಂಡಿದ್ದ ಬಿಳಿ ಫ್ರಾಕಿನ ಅಂಚಿನ ಕೆಂಪು ಇನ್ನೂ ಹೋಗಿಲ್ಲ.

ಬಂದ ವಾರದಲ್ಲೇ ಪಕ್ಕದ ಮನೆಯ ಮುದುಕಿ ಜಗಲಿಯಿಂದ ವಿಚಾರಿಸಿದರು:

‘ಹಿಟ್ಟುಂಡ್ಯವ್ವ?’

‘ಇಲ್ರಿ, ಹಿಟ್ಟ ಮುಗದದ. ಗಿರಣಿಗಿ ಹೋಗಬೇಕ್ರಿ’ ಎಂದಳು ಆಕೆ.

ಚಾಮರಾಜನಗರದ ಸೀಮೆಯಲ್ಲಿ ಹಿಟ್ಟು ಎಂದರೆ ಮುದ್ದೆ. ಹಿಟ್ಟುಂಡೆಯಾ ಎಂದರೆ ಊಟ ಆಯಿತೇ ಎಂದು ಅರ್ಥ. ಆಕೆಯ ಊರಿನಲ್ಲಿ ಹಿಟ್ಟು ಎಂದರೆ ಬರೀ ಹಿಟ್ಟು. ಅದನ್ನು ಯಾರಾದರೂ ಉಣ್ಣುವುದುಂಟೆ? ಮುದುಕಿ ಮಾತ್ರ, ಪಾಪ, ಮನೆಯಲ್ಲಿ ಏನೂ ಇಲ್ಲವೆಂದು ತಿಳಿದು ಒಂದು ತಟ್ಟೆಯಲ್ಲಿ ಬಿಸಿಮುದ್ದೆ, ಬಟ್ಟಲಲ್ಲಿ ಉಪ್ಪುಸಾರು ತಂದಿಟ್ಟರು. ಮಗಳು ಮುದ್ದೆಯನ್ನು ಅಗಿದಳು. ನುಂಗಬೇಕೆಂದು ಯಾರೂ ಹೇಳಿರಲಿಲ್ಲ. ಅದು ಹಲ್ಲಿಗೆ ಅಂಟಿಕೊಂಡು ಅಳು, ಆ ಅಳುವಿಗೆ ತಮ್ಮನ ಅಳು. ಮಾರನೆಯ ದಿನ ರೊಟ್ಟಿ ಬಡಿಯುವ ಸದ್ದು ಕೇಳಿ ಅದೇ ಮುದುಕಿ ಒಳಗೆ ಇಣುಕಿದರು: ‘ಅದೇನವ್ವ, ಮನ ಒಳಗ ಬಟ್ಟ ಒಗೀತಿದ್ದಯ?’

ಹಾಗೆ ನೋಡಿದರೆ ಜೋಳ ಈ ಸೀಮೆಗೆ ಹೊಸತಲ್ಲ. ಗುಂಡ್ಲುಪೇಟೆ, ಚಾಮರಾಜನಗರದ ಹೊಲಗಳು ಜೋಳವನ್ನು ಹಿಂದಿನಿಂದಲೂ ಕಂಡಿವೆ. ಆದರೆ ವಿಜಯಪುರದ ಬಿಳಿಜೋಳವನ್ನು ತಿಂದವರ ನಾಲಿಗೆಗೆ ಬೇರೆ ಜೋಳ ಒಗ್ಗುವುದಿಲ್ಲ. ವರ್ಷಕ್ಕೊಮ್ಮೆ ಊರಿನಿಂದ ಚೀಲ ಬರಲೇಬೇಕು. ಚೀಲದ ಜೊತೆ ಶೇಂಗಾ ಹಿಂಡಿ, ಕೆಂಪು ಖಾರ. ಚೀಲ ಬರಿದಾಗುತ್ತ ಬಂದಂತೆ ಆಕೆಗೆ ಊರಿನ ನೆನಪು ಹೆಚ್ಚಾಗುತ್ತದೆಂದು ಗಂಡ ತಮಾಷೆ ಮಾಡುತ್ತಾನೆ. ತಮಾಷೆ ಮಾಡಲು ಆತ ಮನೆಯಲ್ಲಿದ್ದಾಗ, ಅಷ್ಟೆ.

ಈ ಮನೆಯ ಕಷ್ಟ ಇರುವುದು ಅಲ್ಲೇ. ಕಾಡಿನ ಸಲುವಾಗಿ ಬಂದ ಕುಟುಂಬಕ್ಕೆ ಕಾಡೂ ಸಿಗುವುದಿಲ್ಲ, ಕಾಡಿಗೆ ಹೋದವನೂ ಸಿಗುವುದಿಲ್ಲ. ಬಂಡೀಪುರದ ಒಳಗೆ ಅಲ್ಲಲ್ಲಿ ಕಳ್ಳಬೇಟೆ ತಡೆ ಶಿಬಿರಗಳಿವೆ. ಸುತ್ತ ಆನೆ ದಾಟದಂತೆ ಕಂದಕ, ನಡುವೆ ಒಂದು ಕಟ್ಟಡ. ಅಲ್ಲಿ ಸೋಲಿಗ, ಜೇನುಕುರುಬ ವಾಚರುಗಳ ಜೊತೆ ಗಾರ್ಡಿನ ವಾಸ. ಬೆಳಿಗ್ಗೆ ಎದ್ದು ಗಸ್ತು, ರಾತ್ರಿ ಕಾವಲು. ಮೊಬೈಲು ಅಲ್ಲಿ ಟಾರ್ಚಿನ ಕೆಲಸಕ್ಕೆ ಮಾತ್ರ. ‘ಹುಷಾರಾಗಿದ್ದಾರೆ’ ಎಂಬ ಸುದ್ದಿ ವಾಕಿಟಾಕಿಯಿಂದ ವಾಕಿಟಾಕಿಗೆ ದಾಟಿ, ಕೊನೆಗೆ ಯಾರದೋ ಫೋನಿನಲ್ಲಿ ಮನೆ ಸೇರುತ್ತದೆ. ಈ ಕಾಡಿಗೆ ಅರಸರ ಕಾಲದಲ್ಲಿ ‘ವೇಣುಗೋಪಾಲ’ ಎಂದು ಹೆಸರಿಟ್ಟದ್ದು ಬೆಟ್ಟದ ಮೇಲಿನ ದೇವರ ನೆನಪಿಗೆ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಮೊದಲ ಕಾಡುಗಳಲ್ಲಿ ಇದೂ ಒಂದು. ಆಕೆಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಆದರೆ 1454 ಮೀಟರ್ ಎತ್ತರದ ಆ ಬೆಟ್ಟ ಆಕೆಗೆ ಗಡಿಯಾರದಂತೆ, ಪಂಚಾಂಗದಂತೆ. ಬೆಳಿಗ್ಗೆ ಮಂಜು ಇಳಿದಿದ್ದರೆ ಬಟ್ಟೆ ಒಗೆಯುವಂತಿಲ್ಲ. ಮಂಜು ಕರಗಿದರೆ ಮಗಳ ಶಾಲೆಗೆ ಹೊತ್ತಾಯಿತು. ಬೇಸಿಗೆಯಲ್ಲಿ ಅಲ್ಲಿ ಹೊಗೆ ಕಂಡರೆ ಆವತ್ತು ಗಂಡ ಬರುವುದಿಲ್ಲ.

ಮೊದಲ ಶ್ರಾವಣ ಆಕೆಗೆ ಕಠಿಣವಾಯಿತು. ಉತ್ತರದ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಜೋಕಾಲಿ ಕಟ್ಟುತ್ತಾರೆ, ಬಗೆಬಗೆಯ ಉಂಡಿ ಕಟ್ಟುತ್ತಾರೆ. ಅಣ್ಣ ಕರೆಯಲು ಬರುವುದನ್ನು ಕಾಯುವುದೇ ಒಂದು ಸಂಭ್ರಮ. ಹಂಗಳಕ್ಕೆ ಯಾವ ಅಣ್ಣ ಬಂದಾನು? ಗಂಡನಿಗೆ ರಜೆ ಇಲ್ಲ. ಎರಡು ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಅಷ್ಟು ದೂರ ಹೋಗುವ ಧೈರ್ಯ ಇನ್ನೂ ಬಂದಿರಲಿಲ್ಲ. ಬೀದಿಯ ಹೆಂಗಸರೆಲ್ಲ ಚೆಂಡುಹೂವು ಕೀಳುವ ಕೂಲಿಗೆ ಹೋಗಿದ್ದರು. ಇಲ್ಲಿನ ಚೆಂಡುಹೂವು ದೇವರ ತಲೆಗಿಂತ ಹೆಚ್ಚಾಗಿ ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಹೂವನ್ನು ಹೂವಿನಂತೆ ಅಲ್ಲ, ಮೂಟೆ ಕಟ್ಟಿ, ತೂಕ ಹಾಕಿ ಮಾರುತ್ತಾರೆ. ಊರೆಲ್ಲ ಅದರದೇ ಕಮಟು ವಾಸನೆ.

ಆಕೆ ಬಾಗಿಲು ಮುಂದೆ ಮಾಡಿಕೊಂಡು ಶೇಂಗಾದುಂಡಿ, ಎಳ್ಳುಂಡಿ, ಪುಟಾಣಿ ಹಿಟ್ಟಿನ ಉಂಡಿ ಕಟ್ಟಿದಳು. ಸಂಜೆ ಕೂಲಿಯಿಂದ ಬಂದವರ ಮನೆಮನೆಗೆ ಮಗಳ ಕೈಯಲ್ಲಿ ಕಳಿಸಿದಳು. ಇದೇನು, ಯಾತರ ಹಬ್ಬ ಎಂದು ವಿಚಾರಣೆಯಾಯಿತು. ಜೋಕಾಲಿಯ ಮಾತು ಬಂದಾಗ ಪಕ್ಕದ ಮುದುಕಿಯ ಮಗ ಮಾತಿಲ್ಲದೆ ಎದ್ದು ಹೋಗಿ, ಹಸು ಕಟ್ಟುವ ಹಗ್ಗ ತಂದು ಹಿತ್ತಲ ಹುಣಿಸೆಮರಕ್ಕೆ ಬಿಗಿದ. ಬೀದಿಯ ಮಕ್ಕಳೆಲ್ಲ ಆಡಿದವು. ಕತ್ತಲಾದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಕೆಯೂ ಎರಡು ಸಲ ಜೀಕಿದಳು. ಮುದುಕಿ ನೋಡಿದ್ದರು. ಹೇಳಲಿಲ್ಲ.

ಚಳಿಗಾಲ ಬಂತು. ಫಸಲು ಕಾಯುವ ಕಾಲ. ಒಂದು ರಾತ್ರಿ ಊರಾಚೆ ಢಂ ಢಂ ಎಂದು ಪಟಾಕಿ. ಮಗಳು ಎದ್ದು ಕುಳಿತು, ‘ಯವ್ವಾ, ಮತ್ತ ದೀಪಾವಳಿ ಬಂತೇನ?’ ಎಂದಳು. ಗೋಡೆಯಾಚೆಯಿಂದ ಮುದುಕಿಯ ದನಿ: ‘ಆನ ಓಡಿಸ್ತಾವ್ರ ಕನವ್ವ, ಮನಿಕ್ಕಳಿ.’ ಮಲಗಿಕೊಳ್ಳಿ ಎಂದರ್ಥ. ಆಕೆಗೆ ಅದರಲ್ಲಿ ಕೇಳಿಸಿದ್ದು ‘ಮನಿ’ ಒಂದೇ. ಚೌಡಹಳ್ಳಿಯ ಇಬ್ಬರು ರೈತರನ್ನು ಕೊಂದ ಹುಲಿ 2019ರ ಅಕ್ಟೋಬರಿನಲ್ಲಿ ಸೆರೆಯಾದ ಕಥೆಯನ್ನು ಬೀದಿಯವರು ಇವತ್ತಿಗೂ ನಿನ್ನೆ ನಡೆದಂತೆ ಹೇಳುತ್ತಾರೆ. ಅದನ್ನು ಕೇಳಿದಂದಿನಿಂದ ಕತ್ತಲಾದರೆ ಮಕ್ಕಳು ಹೊಸ್ತಿಲು ದಾಟುವಂತಿಲ್ಲ. ಊರಿನ ಮಕ್ಕಳು ಮಾತ್ರ ದಾಟುತ್ತವೆ. ಹುಟ್ಟಿದಾರಭ್ಯ ಕೇಳಿದ ಭಯಕ್ಕೂ ಹೊಸದಾಗಿ ಕೇಳಿದ ಭಯಕ್ಕೂ ಅಷ್ಟು ವ್ಯತ್ಯಾಸ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಬಂದದ್ದು ಫೆಬ್ರವರಿಯಲ್ಲಿ. ಡಿಸೆಂಬರಿನಿಂದಲೇ ಕಾಡಿನಲ್ಲಿ ಬೆಂಕಿ ರೇಖೆ ಸವರುವ ಕೆಲಸ ನಡೆದಿರುತ್ತದೆ. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ರಜೆಯ ಮಾತೆತ್ತುವಂತಿಲ್ಲ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆಯ ಕಾಡು ಸಾವಿರಾರು ಎಕರೆ ಸುಟ್ಟದ್ದನ್ನು ಈ ಊರು ಕಣ್ಣಾರೆ ಕಂಡಿದೆ. ಅದಕ್ಕೂ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಗಾರ್ಡ್ ಒಬ್ಬರು ಅದೇ ಬೆಂಕಿಗೆ ಬಲಿಯಾದರು. ಅವರೂ ಉತ್ತರ ಕರ್ನಾಟಕದ ಕಡೆಯವರೇ. ಆ ಸುದ್ದಿ ಗಾರ್ಡುಗಳ ಮನೆಗಳಲ್ಲಿ ಮಾತಾಗುವುದಿಲ್ಲ. ಮಾತಾಗದಿರುವುದರಿಂದಲೇ ಅದು ಎಲ್ಲರಿಗೂ ಗೊತ್ತಿದೆಯೆಂದು ತಿಳಿಯುತ್ತದೆ.

ಅಂಥ ಒಂದು ರಾತ್ರಿ ಮಗನಿಗೆ ಜ್ವರ ಏರಿತು. ದೊಡ್ಡಪತ್ರೆಯ ರಸ, ಒದ್ದೆ ಬಟ್ಟೆ ಯಾವುದಕ್ಕೂ ಬಗ್ಗಲಿಲ್ಲ. ಒಂಬತ್ತು ಗಂಟೆ ದಾಟಿತ್ತು. 2009ರಿಂದ ಈ ಕಾಡಿನ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧ. ಚೆಕ್‌ಪೋಸ್ಟಿನ ಗೇಟು ಬಿದ್ದರೆ ಹಗಲೆಲ್ಲ ಗುಡುಗುವ ರಸ್ತೆ ಒಮ್ಮೆಗೇ ಸತ್ತಂತಾಗುತ್ತದೆ. ಗುಂಡ್ಲುಪೇಟೆಯ ಕಡೆ ಹೋಗಲು ಅಡ್ಡಿಯಿಲ್ಲ, ಆದರೆ ಹೋಗುವುದು ಯಾವುದರಲ್ಲಿ? ಗಂಡನ ಫೋನು ಎಂದಿನಂತೆ ‘ವ್ಯಾಪ್ತಿ ಪ್ರದೇಶದ ಹೊರಗೆ’. ಆಕೆ ಗೋಡೆ ಬಡಿದಳು. ಜೋಕಾಲಿ ಕಟ್ಟಿದ ಆ ಮಗನೇ, ತೆರಕಣಾಂಬಿಯ ಮಾರುಕಟ್ಟೆಗೆ ಬೆಳಗಿನ ಜಾವ ಒಯ್ಯಲು ತುಂಬಿಟ್ಟಿದ್ದ ಬೀಟ್‌ರೂಟಿನ ಮೂಟೆಗಳನ್ನು ಇಳಿಸಿ ಗೂಡ್ಸ್ ಆಟೊ ತೆಗೆದ. ಹಿಂದೆ ಗೋಣಿತಾಟಿನ ಮೇಲೆ ಆಕೆ, ಮಡಿಲಲ್ಲಿ ಕೂಸು, ಪಕ್ಕದಲ್ಲಿ ಮುದುಕಿ. ಮಗಳನ್ನು ಎದುರು ಮನೆಯವರು ಎತ್ತಿಕೊಂಡು ಹೋಗಿ ಮಲಗಿಸಿದರು. ಗುಂಡ್ಲುಪೇಟೆಯಲ್ಲಿ ಡಾಕ್ಟರು ನೋಡಿದರು, ಸೂಜಿ ಕೊಟ್ಟರು. ಬೆಳಗಿನ ಹೊತ್ತಿಗೆ ಜ್ವರ ಇಳಿಯಿತು. ಗಂಡನಿಗೆ ಸುದ್ದಿ ಮುಟ್ಟಿದ್ದು ಮಧ್ಯಾಹ್ನ, ಆತ ಬಂದದ್ದು ಮೂರನೆಯ ದಿನ. ಬೂಟಿನ ತುಂಬ ಬೂದಿ. ಕೂಸು ಅಪ್ಪನ ಕೈಗೆ ಹೋಗದೆ ಮುದುಕಿಯ ಸೆರಗು ಹಿಡಿದುಕೊಂಡು ‘ಆಯಿ’ ಎಂದಿತು.

ವಿಜಯಪುರದ ಕಡೆ ಆಯಿ ಎಂದರೆ ಅಜ್ಜಿ. ಆಕೆ ಮಕ್ಕಳಿಗೆ ಹೇಳಿಕೊಟ್ಟಿದ್ದು ಊರಿನಲ್ಲಿರುವ ತನ್ನ ತಾಯಿಯ ಫೋಟೊ ತೋರಿಸಿ. ಅದು ಬಂದು ಕುಳಿತದ್ದು ಇಲ್ಲಿ. ‘ಯಾರವ್ವ ಅದು ಆಯಿ?’ ಎಂದು ಮೊದಮೊದಲು ಮುದುಕಿ ರೇಗಿದ್ದುಂಟು. ಈಗ ಬೀದಿಯ ಅರ್ಧ ಮಕ್ಕಳು ಅವರನ್ನು ಕರೆಯುವುದು ಹಾಗೆಯೇ.

ಆ ಘಟನೆಯ ಮರುವಾರವೇ ಗಂಡ ಊರಿನ ಕಡೆಗೆ ವರ್ಗಾವಣೆ ಕೇಳಿ ಅರ್ಜಿ ಬರೆದ. ಅದಾಗದಿದ್ದರೆ ಹೆಂಡತಿ ಮಕ್ಕಳನ್ನಾದರೂ ಊರಿಗೆ ಬಿಟ್ಟುಬರುವುದೆಂದು ತೀರ್ಮಾನವಾಯಿತು. ಗಾರ್ಡುಗಳ ಮನೆಗಳಲ್ಲಿ ಇದು ಸಾಮಾನ್ಯ ತೀರ್ಮಾನ. ಮಕ್ಕಳು ಒಂದು ಕಡೆ, ತಂದೆ ಇನ್ನೊಂದು ಕಡೆ, ನಡುವೆ ವರ್ಷಕ್ಕೆರಡು ಸಲದ ರೈಲು. ತಪ್ಪೆನ್ನಲಾದೀತೆ? ಜ್ವರದ ರಾತ್ರಿ ಗೋಡೆ ಬಡಿದರೆ ಎಲ್ಲ ಗೋಡೆಗಳೂ ಓಗೊಡುವುದಿಲ್ಲ.

ಅಷ್ಟರಲ್ಲಿ ಜೂನ್ ಬಂತು. ಊರಿಗೆ ಹೋಗುವವರೆಗೆ ಇರಲಿ ಎಂದು ಮಗಳನ್ನು ಇಲ್ಲಿಯೇ ಸರ್ಕಾರಿ ಶಾಲೆಗೆ ಸೇರಿಸಿದರು. ನಲಿಕಲಿ ತರಗತಿ: ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಸುತ್ತ ಕುಳಿತು, ಕಾರ್ಡುಗಳನ್ನಿಟ್ಟುಕೊಂಡು ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಏರುವ ಕಲಿಕೆ. ಈ ಪದ್ಧತಿ 1995ರಲ್ಲಿ ಹುಟ್ಟಿದ್ದು ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ. ಹುಡುಗಿಯ ಪಾಡು ಮಾತ್ರ ಬೇರೆ. ಅವ್ವ ಹೇಳುವುದು ‘ಮನಿ’. ಬೀದಿ ಹೇಳುವುದು ‘ಮನ’. ಕಾರ್ಡಿನಲ್ಲಿ ಬರೆದಿರುವುದು ‘ಮನೆ’. ಮೊದಲ ತಿಂಗಳು ಬಾಯಿಯೇ ಬಿಡಲಿಲ್ಲ. ‘ರೀ’ ಹಚ್ಚಿ ಮಾತಾಡಿದರೆ ಜೊತೆಯವರು ನಗುತ್ತಿದ್ದರು. ದಸರೆ ರಜೆಯ ಹೊತ್ತಿಗೆ ಮೂರೂ ಬಂದವು. ಯಾವುದು ಎಲ್ಲಿ ಎಂಬುದೂ ಬಂತು. ಮನೆಯೊಳಗೆ ‘ಆನಿ’, ಹೊಸ್ತಿಲು ದಾಟಿದರೆ ‘ಆನ’, ಮೇಷ್ಟರ ಮುಂದೆ ‘ಆನೆ’. ‘ಅದ’ ಎಂಬ ಮಾತು ಮಾತ್ರ ಬದಲಿಸಬೇಕಾಗಲಿಲ್ಲ. ವಿಜಯಪುರದಲ್ಲೂ ‘ಅದ’, ಹಂಗಳದಲ್ಲೂ ‘ಅದ’. ರಾಜ್ಯದ ಎರಡು ತುದಿಗಳು ಇದೊಂದನ್ನು ಹೇಗೆ ಹಂಚಿಕೊಂಡವೋ ಭಾಷಾ ಪಂಡಿತರು ಹೇಳಬೇಕು.

ಈಗ ಮಗಳು ಎರಡನೆಯ ತರಗತಿ. ಅವ್ವ ಅಂಗಡಿಗೆ ಹೋದರೆ ಜೊತೆಗೆ ಹೋಗಿ ಮಾತು ದಾಟಿಸುವವಳು ಅವಳೇ. ಮಗನಿಗೆ ಮೂರು ತುಂಬಿ ಅಂಗನವಾಡಿಗೆ ಹೋಗುತ್ತಾನೆ. ಅವನಿಗೆ ದಾಟಿಸುವ ತೊಂದರೆಯೇ ಇಲ್ಲ. ಮುದ್ದೆ ನುಂಗುವುದನ್ನು ಯಾರೂ ಕಲಿಸಲಿಲ್ಲ. ರೊಟ್ಟಿ ಕೊಟ್ಟರೆ ಗಟ್ಟಿ ಎಂದು ಉಗುಳುತ್ತಾನೆ. ಆಕೆಗೆ ಇದು ನಗು ತರಿಸುತ್ತದೆ, ಕೆಲವು ಸಲ ನಗು ತರಿಸುವುದಿಲ್ಲ.

ವರ್ಗಾವಣೆಯ ಅರ್ಜಿಗೆ ಉತ್ತರ ಬರಲಿಲ್ಲ. ಈ ಸಲ ಮತ್ತೆ ಬರೆಯಬೇಕು. ಗಂಡ ಕಾಗದ ತಂದು ಗೂಡಿನಲ್ಲಿಟ್ಟು ಎರಡು ವಾರವಾಯಿತು. ‘ಈಕೀದು ಎರಡನೇತ್ತಾ ಮುಗೀಲಿ ತಡೀರಿ’ ಎಂದಿದ್ದಾಳೆ ಆಕೆ. ಕಳೆದ ವರ್ಷ ‘ಒಂದನೇತ್ತಾ ಮುಗೀಲಿ’ ಎಂದದ್ದನ್ನು ಆತ ನೆನಪಿಸಲಿಲ್ಲ.

ಮೊನ್ನೆ ಶಿಬಿರದಿಂದ ಬಂದವನು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ. ಮಗ ಸೊಂಟದ ಮೇಲೆ ಕೈಯಿಟ್ಟು ನಿಂತು ವಿಚಾರಣೆ ಮಾಡಿದ:

‘ಎಲ್ಲಿಗ ಹೋಗಿದ್ದಪ್ಪ?’

‘ಅಡವಿಗಿ’ ಎಂದ ಅಪ್ಪ.

ಹುಡುಗನಿಗೆ ಅರ್ಥವಾಗಲಿಲ್ಲ. ಅಕ್ಕನ ಮುಖ ನೋಡಿದ.

‘ಕಾಡ್ಗ ಕನೋ’ ಎಂದಳು ಅಕ್ಕ, ಬರೆಯುತ್ತಿದ್ದ ಸ್ಲೇಟಿನಿಂದ ತಲೆ ಎತ್ತದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಡೆದಿತ್ತು.